ಹೀನಾ ಎಣಿಸಿದ ಗೆರೆಗಳು

ರೋಣದ ಹೊರಗಿನ ಆ ಹಳೆಯ ಬಾವಿಯಲ್ಲಿ ನೀರಿಲ್ಲ, ಹಗ್ಗವೂ ಇಲ್ಲ. ಆದರೂ ರಾತ್ರಿ ಅದರ ರಾಟೆ ತಿರುಗುತ್ತದೆ ಎನ್ನುತ್ತಾರೆ. ಕಿರ್‍ರ್... ಕಟ್. ಕಿರ್‍ರ್... ಕಟ್. ನಾನೂ ಕೇಳಿದ್ದೇನೆ. ತುಕ್ಕು ಹಿಡಿದ ಕಬ್ಬಿಣಕ್ಕೆ ಗಾಳಿ ತಾಗಿದರೆ ಬರುವ ಸದ್ದು ಅದು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವಳು ನಾನು; ಬಾವಿಯ ಕತೆ ಹೇಳಲು ಕೂತಿಲ್ಲ. ಆ ಬಾವಿಯ ಪಕ್ಕದಿಂದ ಒಂದು ರಾತ್ರಿ ನಡೆದು ಬಂದ ತನ್ವೀರ ನನಗೆ ಹೇಳಿದ್ದನ್ನು, ಆಮೇಲೆ ನಾನು ಮಾಡಿದ್ದನ್ನು ಹೇಳುತ್ತೇನೆ.

ತನ್ವೀರ ನಮ್ಮ ಪಕ್ಕದ ಮನೆಯವನು, ನನ್ನ ಹಳೆಯ ವಿದ್ಯಾರ್ಥಿ. ರೋಣದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ. ಎರಡು ಸಾವಿರದ ಆರರ ಡಿಸೆಂಬರ್. ಗಜೇಂದ್ರಗಡದಿಂದ ಬರುವ ಕೊನೆಯ ಬಸ್ಸು ಬಾವಿಯ ಹತ್ತಿರ ಕೆಟ್ಟು ನಿಂತಿತಂತೆ. ಅಲ್ಲಿಂದ ನಡೆದೇ ಬಂದ. ಓಣಿಯಲ್ಲಿ ಕರೆಂಟು ಇರಲಿಲ್ಲ. ಕಟ್ಟೆಯ ಮೇಲೆ ಕೂತಿದ್ದ ನನಗೆ ಮೊದಲು ಕೇಳಿಸಿದ್ದು ಅವನ ಚೀಲದೊಳಗಿನ ಕೇಬಲ್ಲುಗಳ ಸದ್ದು. ಟಕ್... ಟಕ್...

“ಬಾವಿ ರಾಟಿಗೆ ಅಂಜಿದೇನೋ?” ಎಂದೆ.

ಅವನು ನಗಲಿಲ್ಲ. ಹತ್ತಿರ ಬಂದು ಪಿಸುಗುಟ್ಟಿದ. “ಅಕ್ಕಾರ... ಕೇಬಲ್ ಬದಲಿ ಮಾಡೀನಿ, ಕಾರ್ಡ್ ಬದಲಿ ಮಾಡೀನಿ. ಮಾನಿಟರ್ ಸುದ್ದಾ ಬ್ಯಾರೇದು ಇಟ್ಟೀನ್ರಿ. ಗೆರಿ ಹೋಗವಲ್ವು.”

ಕ್ರಮವಾಗಿ ಹೇಳು ಎಂದೆ. ಅವನು ಹೇಳಿದ್ದು ಇಷ್ಟು.

ಗಜೇಂದ್ರಗಡದಲ್ಲಿ ಗೌಸುಸಾಬನದೊಂದು ಫೋಟೊ ಸ್ಟುಡಿಯೊ. ಬದುಕಿದ್ದಾಗ ಒಂದೂ ಫೋಟೊ ತೆಗೆಸಿಕೊಳ್ಳದೆ ಸತ್ತವರು ನಮ್ಮ ಕಡೆ ಬಹಳ. ಹೆಣವನ್ನು ಗೋಡೆಗೆ ಒರಗಿಸಿ ಕೂಡಿಸಿದಾಗ ಗೌಸುಸಾಬ ಹೋಗಿ ಫೋಟೊ ತೆಗೆಯುತ್ತಿದ್ದ. ಮುಚ್ಚಿದ ಕಣ್ಣಿನ ಫೋಟೊ ಮನೆಯಲ್ಲಿ ತೂಗುಹಾಕಲು ಯಾರಿಗೂ ಮನಸ್ಸಾಗುವುದಿಲ್ಲ. ಹೀಗಾಗಿ ಅವನ ಮಗಳು ಹೀನಾ ಕಂಪ್ಯೂಟರಿನಲ್ಲಿ ಆ ಮುಖಕ್ಕೆ ತೆರೆದ ಕಣ್ಣು ಕೂಡಿಸುತ್ತಿದ್ದಳು. ನಮ್ಮ ಅತ್ತೆ ದೇವವ್ವ ಎರಡು ವರ್ಷದ ಹಿಂದೆ ಗಜೇಂದ್ರಗಡದಲ್ಲಿ, ಮಗಳ ಮನೆಯಲ್ಲಿ, ತೀರಿಕೊಂಡಾಗ ಮಾಡಿಸಿದ ಫೋಟೊ ಕೂಡ ಅಂಥದ್ದೇ. ನಮ್ಮ ಪಡಸಾಲೆಯಲ್ಲಿ ಮಾಲೆ ಹಾಕಿಸಿಕೊಂಡು ನಗುತ್ತಿತ್ತು.

ಆ ಕಣ್ಣುಗಳು ಯಾರವು ಎಂದು ನಾನು ಎಂದೂ ಕೇಳಿರಲಿಲ್ಲ.

ಹೀನಾಳವು. ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ಟಿಗೆಂದು ತೆಗೆದ ಅವಳ ಪಾಸ್‌ಪೋರ್ಟ್ ಫೋಟೊದಲ್ಲಿ ಕಣ್ಣು ಬಹಳ ಸ್ವಚ್ಛವಾಗಿ ಬಂದಿದ್ದವು. ಗೌಸುಸಾಬ ಅವಷ್ಟನ್ನೇ ಕತ್ತರಿಸಿ ಒಂದು ಫೈಲು ಮಾಡಿಟ್ಟಿದ್ದ. ಮುದುಕನಿರಲಿ, ಬಾಣಂತಿಯಿರಲಿ, ಎಲ್ಲರಿಗೂ ಅದೇ ಜೋಡಿ. ಸತ್ತವರ ಕಣ್ಣನ್ನು ಯಾರೂ ದಿಟ್ಟಿಸಿ ನೋಡುವುದಿಲ್ಲ. ಯಾರಿಗೂ ತಿಳಿಯಲಿಲ್ಲ.

ಸ್ಟುಡಿಯೊದ ಮಾನಿಟರಿನಲ್ಲಿ ಗೆರೆ ಬರುತ್ತವೆಂದು ತನ್ವೀರನನ್ನು ಕರೆಸಿದ್ದರು; ಅವು ಕಾಣುತ್ತಿದ್ದದ್ದು ಆ ಫೋಟೊಗಳನ್ನು ತೆರೆದಾಗ ಮಾತ್ರ. ಕೂದಲೆಳೆಯಷ್ಟು ತೆಳ್ಳಗೆ, ಬೂದಿಯ ಬಣ್ಣ, ಪರದೆಯ ಮೇಲಿಂದ ಕೆಳಗಿನವರೆಗೆ ನೆಟ್ಟಗೆ. ಮದುವೆ ಫೋಟೊ ತೆರೆದರೆ ಒಂದೂ ಇಲ್ಲ. ಪ್ರಿಂಟಿನಲ್ಲಿಯೂ ಇಲ್ಲ. ತನ್ವೀರ ಅರ್ಥಿಂಗ್ ತಂತಿಯ ಗುಂಡಿಗೆ ಉಪ್ಪು, ಇದ್ದಿಲು ತುಂಬಿ ನೀರು ಹಾಕಿಸಿದ. ಸ್ಪೀಕರ್ ದೂರ ಸರಿಸಿದ. ತನ್ನ ಅಂಗಡಿಯ ಮಾನಿಟರನ್ನೇ ಕೌದಿಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಒಯ್ದ. ಅದರ ಮೇಲೂ ಅವೇ ಗೆರೆ, ಅದೇ ಜಾಗದಲ್ಲಿ. ಎಣಿಸಿದ. ಒಂಬತ್ತು. ಕಣ್ಣು ಕೂಡಿಸಿದ ಫೋಟೊಗಳೂ ಒಂಬತ್ತು.

ಅಂದು ಮಧ್ಯಾಹ್ನ ಪುರ್ತಗೇರಿಯಿಂದ ಹತ್ತನೆಯದು ಬಂದಿತ್ತು. ನೀಲವ್ವ ಎನ್ನುವ ಹೆಂಗಸಿನದು. ಹೀನಾ ಅಪ್ಪನ ಕಡೆ ನೋಡಿ ಕೈ ಹಿಂದೆಗೆದಳಂತೆ. “ಅಬ್ಬಾ, ಇನ್ನ ನನ್ನ ಕಣ್ಣ ಬ್ಯಾಡ. ಬ್ಯಾರೇದು ಹಾಕೂಣು.”

ಗೌಸುಸಾಬ ನಕ್ಕ. “ಕಣ್ಣೇನ್ ಸವೀತಾವೇನವಾ?”

ಅವಳ ಕೈಯನ್ನು ತಾನೇ ಹಿಡಿದು ಮೌಸಿನ ಮೇಲಿಟ್ಟು ಒತ್ತಿದ. ನೀಲವ್ವ ಕಣ್ಣು ತೆರೆದಳು. ಮಾನಿಟರಿನೊಳಗೆ ಚಿಟ್... ಎಂದಿತು. ಬಲಗಡೆಯ ಅಂಚಿನಲ್ಲಿ ಹತ್ತನೆಯ ಗೆರೆ ಇಳಿಯಿತು.

ನಾನು ಇದನ್ನೆಲ್ಲ ಕೇಳಿ ಅಂಜಲಿಲ್ಲ. ದೋಷ ಹುಡುಕುವ ಕ್ರಮ ಒಂದೇ. ಕೇಬಲ್ ಅಲ್ಲ, ಕಾರ್ಡ್ ಅಲ್ಲ, ಮಾನಿಟರ್ ಅಲ್ಲ. ಉಳಿದದ್ದು ಎಲ್ಲ ಹತ್ತರಲ್ಲಿಯೂ ಸಮಾನವಾಗಿರುವುದು.

“ಆ ಕಣ್ಣಿನ ಫೈಲ್ ಅಳಿಸಿಬಿಡು. ಆ ಹತ್ತು ಫೋಟೊನೂ ಅಳಿಸು,” ಎಂದೆ. “ಪ್ರಿಂಟ್ ಕೊಟ್ಟಾಗೈತೆಲ್ಲ.”

ಮರುದಿನವೇ ಹೋಗಿ ಅಳಿಸಿದ. ನೀಲವ್ವನ ಪ್ರಿಂಟು ಒಣಗಿದ ಮೇಲೆ ಅಳಿಸು ಎಂದು ಗೌಸುಸಾಬ ಕಾಯಿಸಿದನಂತೆ, ಅಷ್ಟೇ. ಕೊನೆಯ ಫೈಲು ಹೋಗುತ್ತಿದ್ದಂತೆ ಯುಪಿಎಸ್ ಒಮ್ಮೆ ಪೀಂ... ಎಂದು ಸುಮ್ಮನಾಯಿತು. ಪರದೆ ತೊಳೆದಂತೆ ಸ್ವಚ್ಛವಾಯಿತು. ತನ್ವೀರ ಚೀಲ ಕಟ್ಟತೊಡಗಿದ.

ಹೀನಾ ಪರದೆಯನ್ನೇ ನೋಡುತ್ತಿದ್ದಳು. “ತನ್ವೀರಣ್ಣ, ಗೆರಿ ಹೋದುವೇನು?”

“ಹೋದುವು. ಕಾಣವಲ್ದೇನು?”

ಅವಳು ಗೋಡೆಯ ಕಡೆ ತಿರುಗಿದಳು. ಬಾಗಿಲ ಕಡೆ ತಿರುಗಿದಳು. ಅಪ್ಪನ ಮುಖದ ಕಡೆ ತಿರುಗಿದಳು. ಆಮೇಲೆ ಬಹಳ ಮೆಲ್ಲಗೆ ಎಣಿಸಿದಳು. ಹತ್ತು.

ಹುಬ್ಬಳ್ಳಿಯ ಕಣ್ಣಿನ ವೈದ್ಯರು ಎರಡು ಸಲ ಪರೀಕ್ಷಿಸಿದರು. ಏನೂ ದೋಷವಿಲ್ಲ ಎಂದು ಬರೆದುಕೊಟ್ಟರು. ನರಗುಂದದಿಂದ ಅವಳನ್ನು ನೋಡಲು ಬಂದ ಬೀಗರೆದುರು ಹುಡುಗಿ ತಲೆಯನ್ನು ಅತ್ತ ಇತ್ತ ವಾಲಿಸುತ್ತಲೇ ಇದ್ದಳಂತೆ. ಯಾಕವಾ ಎಂದರೆ, ನಿಮ್ಮ ಮುಖಾ ಗೆರಿ ನಡುವ ಬರಲಿ ಅಂತ, ಎಂದಳು. ಅವರು ಚಹಾ ಬರುವ ಮೊದಲೇ ಎದ್ದರು.

ನಾನು ಫೆಬ್ರುವರಿಯಲ್ಲಿ ಹೋಗಿ ಹೀನಾಳನ್ನು ನೋಡಿದೆ. ಹೊಂಬಿಸಿಲಿನಂಥ ಕಣ್ಣು. ಅವನ್ನು ನೋಡುತ್ತಿದ್ದಂತೆ ಪಡಸಾಲೆಯ ಫೋಟೊದೊಳಗಿನ ನಮ್ಮ ಅತ್ತೆಯ ನೆನಪು ಬಂತು. ಕಾಣುವುದೇನೋ ಎಲ್ಲ ಕಾಣುತ್ತದೆ ಎಂದಳು ಹೀನಾ. ಸೂಜಿಗೆ ದಾರ ಪೋಣಿಸಿ ತೋರಿಸಿದಳು. ಅಷ್ಟಾದರೂ ಉಳಿದಿದೆಯಲ್ಲ ಎನ್ನುವುದೇ ಅವಳ ಸಮಾಧಾನ. ಇನ್ನೊಂದು ಗೆರೆ ಬಂದೀತೆನ್ನುವುದೇ ಭಯ. ಹೊರಗೆ ಬಂದು ಗೌಸುಸಾಬನನ್ನು ಕೇಳಿದೆ, ಈಗ ಸತ್ತವರಿಗೆ ಯಾರ ಕಣ್ಣು ಹಾಕುತ್ತೀರಿ ಎಂದು.

“ಪಾಸ್‌ಪೋರ್ಟ್ ಫೋಟೊಕ್ಕ ದಿನಾ ಹುಡುಗ್ಯಾರು ಬರ್ತಾರಲ್ರಿ ಅಕ್ಕಾರ,” ಎಂದ.

ಇದೆಲ್ಲ ಆ ಹುಡುಗಿಯ ಮನಸ್ಸಿನೊಳಗಿನದು ಎಂದೇ ನಾನು ತಿಳಿದಿದ್ದೆ. ಹಾಗೆಂದು ಬಾಯಲ್ಲಿ ಹೇಳಿದರೆ ಅವಳು ನಂಬುವುದಿಲ್ಲ. ಪರೀಕ್ಷಿಸಿ ತೋರಿಸಬೇಕು. ಮನೆಗಳ ಗೋಡೆಯ ಮೇಲೆ ಉಳಿದ ಹತ್ತು ಪ್ರಿಂಟುಗಳಲ್ಲಿ ಒಂದನ್ನು ನಾಶಮಾಡಿದಾಗ ಏನೂ ಆಗದಿದ್ದರೆ, ಗೆರೆಗೂ ಫೋಟೊಕ್ಕೂ ಸಂಬಂಧವಿಲ್ಲ ಎಂದಾಯಿತು. ಒಂದು ವೇಳೆ ಗೆರೆ ಹೋದರೆ... ಹೋಗಲಿ, ಒಳ್ಳೆಯದೇ. ಎರಡರಲ್ಲಿ ಯಾವುದಾದರೂ ಅವಳಿಗೆ ನಷ್ಟವಿಲ್ಲ ಎಂದು ಲೆಕ್ಕ ಹಾಕಿದೆ.

ಒಂದು ಭಾನುವಾರ ನಮ್ಮ ಮನೆಯವರು ಬೇರೆ ಊರಿಗೆ ಹೋಗಿದ್ದರು. ಅತ್ತೆಯ ಫೋಟೊ ಇಳಿಸಿದೆ. ಗಾಜು ತೆಗೆದು, ಕಾಗದವನ್ನು ಬಚ್ಚಲ ಒಲೆಗೆ ಹಾಕಿದೆ. ಮುಖ ಮೊದಲು ಉರಿಯಿತು. ಚಟ್... ಎಂದಿತು, ಹಸಿ ಕಟ್ಟಿಗೆ ಸಿಡಿದ ಹಾಗೆ. ಗಡಿಯಾರ ನೋಡಿ ಬರೆದಿಟ್ಟುಕೊಂಡೆ: ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ಯಾರಿಗೂ ಹೇಳಲಿಲ್ಲ. ತನ್ವೀರನಿಗೂ ಹೇಳಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅವನೇ ಬಂದ. ಗಜೇಂದ್ರಗಡದಿಂದ ಫೋನ್ ಬಂದಿತ್ತಂತೆ. ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತ.

“ಅಕ್ಕಾರ... ಹೀನಾಗ ಒಂದ್ ಗೆರಿ ಹೋತಂತ್ರಿ. ಎಡಕಿಂದ ಎರಡನೇದು.”

“ಚಲೋ ಆತಲ್ಲ,” ಎಂದೆ.

“ಇಲ್ರಿ. ಅದಿದ್ದ ಜಾಗಾದಾಗ... ಈಗ ಏನೂ ಕಾಣಂಗಿಲ್ಲಂತ. ಕತ್ತಲಿನೂ ಅಲ್ಲಂತ್ರಿ, ಏನೂ ಇಲ್ಲಂತ. ಮೂರು ಹೊಡದು ಇಪ್ಪತ್ ನಿಮಿಷಕ್ಕ ಚೀರಿದಳಂತ.”

ಅವನ ರಿಪೇರಿ ಡೈರಿಯಲ್ಲಿ ಆ ಹತ್ತು ಫೋಟೊಗಳ ಪಟ್ಟಿ ಇತ್ತು, ತಾರೀಖಿನ ಪ್ರಕಾರ. ಕೇಳಿ ಇಸಿದುಕೊಂಡು ನೋಡಿದೆ. ಎರಡನೆಯ ಹೆಸರು ದೇವವ್ವ.

ವೈದ್ಯರು ಮತ್ತೆ ನೋಡಿದರು, ದೋಷವಿಲ್ಲ ಎಂದೇ ಬರೆದರು. ಆ ಚೀಟಿ, ನಾನು ಬರೆದಿಟ್ಟ ಗಳಿಗೆ, ತನ್ವೀರನ ಡೈರಿಯ ಹಾಳೆ, ಮೂರೂ ನನ್ನ ಬಳಿ ಇವೆ. ದೆವ್ವ ಇದೆ ಎಂದು ನಾನು ಈಗಲೂ ಹೇಳುವುದಿಲ್ಲ. ಇದು ನಡೆಯಿತು ಎಂದು ಹೇಳುತ್ತೇನೆ.

ಉಳಿದ ಒಂಬತ್ತು ಫೋಟೊಗಳು ಯಾವ ಯಾವ ಮನೆಯಲ್ಲಿವೆ ಎಂದು ಪಟ್ಟಿಯಿಂದ ತಿಳಿದುಕೊಂಡಿದ್ದೇನೆ. ಸವಡಿಯಲ್ಲಿ ಎರಡು, ಪುರ್ತಗೇರಿಯಲ್ಲಿ ನೀಲವ್ವನದು, ಯಾವಗಲ್ಲಿನಲ್ಲಿ ಒಂದು, ಗಜೇಂದ್ರಗಡದಲ್ಲಿ ಐದು. ವರ್ಷಕ್ಕೊಮ್ಮೆ ಏನಾದರೊಂದು ನೆವ ಹೇಳಿಕೊಂಡು ಆ ಮನೆಗಳಿಗೆಲ್ಲ ಹೋಗಿ, ಫೋಟೊ ಗೋಡೆಯ ಮೇಲಿದೆಯೇ ಎಂದು ನೋಡಿ ಬರುತ್ತೇನೆ.

ಈ ಸಲ ಯಾವಗಲ್ಲಿನದಕ್ಕೆ ಗೆದ್ದಲು ಹತ್ತಿತ್ತು. ಸೀರೆಯ ಅಂಚು ತಿಂದು ಮುಗಿಸಿ ಮೇಲಕ್ಕೆ ಏರಿತ್ತು. ಬೆರಳಿಟ್ಟು ಅಳೆದೆ. ಕಣ್ಣಿಗೆ ಇನ್ನೂ ನಾಲ್ಕು ಬೆರಳು ಉಳಿದಿತ್ತು.