ಬೇವಿನ ಕಡಿ ಮೂಲಿ

ಅಲ್ಲೋ ಸೂರ್ಯಾ, ಕಾಜಿನ ಎಲುಬು ಅಂದ್ರ ತಪ್ಪೇನದ? ಹುಮನಾಬಾದ ಮಂದೆಲ್ಲಾ ಅನ್ನಾಕತ್ತದ, ನಾ ಒಬ್ಬ ಅಂದ್ರ ಮಾರಿ ಗಂಟ ಹಾಕ್ತಿ. ಕಲ್ಯಾಣದ ಸೈಫುದ್ದೀನ್ ಪೈಲ್ವಾನ... ಹೆಸರು ಗುಡ್ಡದಷ್ಟು, ಎಲುಬು ಮಾತ್ರ ಬಳಿ ಅಂಗಡ್ಯಾಗಿನ ಮಾಲು. ನಗು ಬರಂಗಿಲ್ಲೇನು? ಇರ್ಲಿ. ಬಸ್ಸಿನ ಧೂಳ ಕುಡದು ಬಂದಿ. ಕೂಡು ಕಟ್ಟಿ ಮ್ಯಾಲ.

ನೀನೇ ಲೆಕ್ಕ ಹಾಕು. ಹುಲಸೂರಾಗ ಕುಸ್ತಿ ಇತ್ತು, ಹಿಂದಿನ ದಿನಾನೇ ಹಿಮ್ಮಡ ಉಳುಕಿತು. ನಾರಾಯಣಪುರದಾಗ ಗುಡಿ ಕಟ್ಟಿ ಇಳಿಯುವಾಗ ಮೊಣಕಾಲು ಹೊಳ್ಳಿತು. ಕಟ್ಟಿ ಇಳಿಯುವಾಗ! ನಮ್ಮಕ್ಕ ಕಾಂತಾಬಾಯಿ ಎಪ್ಪತ್ತ ವರ್ಷದಾಕಿ, ತಲಿ ಮ್ಯಾಲ ಕೊಡ ಹೊತ್ಕೊಂಡು ಇಳೀತಾಳ. ಈಗ ನಮ್ಮ ತಾಲೀಮಿನ ಅಖಾಡದಾಗ ಭುಜ ಮುರೀತು. ಅವ ಕುಸ್ತಿ ಹಿಡಿಯಾವಲ್ಲ ತಮ್ಮಾ, ಗಾದಿ ಮ್ಯಾಲ ಕುಂತು ಅತ್ತರ ಮಾರಾವ.

ಇಸ್ಮಾಯಿಲನ ಚಾ ಹೋಟೆಲಿಗಿ ಹೋಗು, ಮೂರು ವಾರದಿಂದ ಇದೇ ವಾದ. ಇಸ್ಮಾಯಿಲ ಅಂತಾನ, ಪೆಟ್ಟು ಬೀಳದೇ ಇದ್ದಿದ್ರ ಹೈದ್ರಾಬಾದ ತನಕ ಸೈಫುಗ ಜೋಡಿ ಸಿಗತಿದ್ದಿಲ್ಲ ಅಂತ. ಇದ್ದಿದ್ರ! ಅತ್ತಿಗಿ ಮೀಸಿ ಬಂದ್ರ ಕಾಕಾ ಅಂತಿದ್ದಿವಿ. ನಾ ಅಂದೆ, ನಮ್ಮ ಸೂರ್ಯಕಾಂತನ್ನ ನೋಡ್ರಿ, ಹತ್ತು ವರ್ಷ ಇದೇ ಮಣ್ಣಿನ್ಯಾಗ ಉಳ್ಳಾಡ್ಯಾನ, ಮೈ ಮ್ಯಾಲ ಒಂದು ಗೀರು ತೋರಸ್ರಿ. ನಸೀಬ ಅಂದ್ರ ಅದು. ಇಸ್ಮಾಯಿಲ ಚಾ ಸೋಸಾಕ ಹತ್ತಿದ. ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ, ಹಂಗ ಅವರ ಮಾತು...

ಏನು? ಯಾಕ ಹಂಗ ನೋಡ್ತಿ? ಇಲ್ಲೋ, ನೆಲದ ಮಾತು ಯಾರೂ ತಗೀಲಿಲ್ಲ. ಗಾದಿ ಮಾತು ಅದು. ಬಾಯಿಗಿ ಬಂತು, ಅಂದೆ.

ನೀ ಕಲ್ಯಾಣಕ್ಕ ಹೋಗೂದೇ ಬ್ಯಾಡಾಗಿತ್ತು. ಗೆದ್ದಾವ ಬಿದ್ದಾವನ ಮನಿಗಿ ಹೋಗ್ತಾನೇನು? ಹೋದಿ, ಅವ ನರಳಿ ತೋರಿಸಿರ್ತಾನ, ನೀ ಕರಗಿ ಬಂದಿ. ...ಕೈ ಯಾಕ ಬಾಯಿಗಿ ಒಯ್ದು ತೋರಸ್ತಿ? ತುತ್ತಾ? ಅವರವ್ವ ಹಜಿರಾ ಬೀ ಉಣಸಾಕತ್ತಾಳಾ ಅವನಿಗಿ? ಬಲಗೈ ಏಳಂಗೇ ಇಲ್ಲಾ? ...ನಾಟಕ. ಮೂವತ್ತ ವರ್ಷದ ಗಂಡಸು, ತಾಯಿ ಕೈಲೆ ಉಂತಾನಂತ. ಥೂ.

ಅಖಾಡದ ಆ ಮೂಲ್ಯಾಗ ಯಾಕ ಹೋಗಿ ಕುಂತಿ? ಅಲ್ಲಿ ಬಿಸಲದ, ಇಲ್ಲಿ ಬಾ.

ಆ ಗಂಟೇನು ಕೈಯಾಗ? ನನಗಾ? ಕೊಡಿಲ್ಲೆ... ಅರಿಶಿಣ. ಮನ್ಯಾಗ ಕುಟ್ಟಿದ್ದು, ವಾಸನಿ ಬರಾಕತ್ತದ. ಹಜಿರಾ ಬೀ ಕಳಿಸ್ಯಾಳಾ? ತಾಲೀಮಿನ ಮಣ್ಣಿಗಿ? ಹೌದಪ್ಪಾ, ಗಾಯ ಕೀವು ಹಿಡೀಬಾರದಂತ ಎಣ್ಣಿ ಜೋಡಿ ಅರಿಶಿಣ ಬೆರಸ್ತೀವಿ, ಅದು ಆಕಿಗೂ ಗೊತ್ತು. ಖರೆ, ತನ್ನ ಮಗನ ಭುಜ ಮುರದ ಮಣ್ಣಿಗಿ ಯಾವ ತಾಯಿ ಅರಿಶಿಣ ಕುಟ್ತಾಳೋ? ಅರವು ಮರವು ಆಗ್ಯಾದ ಮುದುಕಿಗಿ... ತಲಿ ಯಾಕ ಅಳ್ಳಾಡಸ್ತಿ? ನೆಟ್ಟಗದಾಳಾ? ಸೈಫು? ಸೈಫು ಹೇಳಿ ಕುಟ್ಟಿಸ್ಯಾನಾ?

ನನ್ನ ಮಣ್ಣಿಗಿ.

ನೋಡು ಸೂರ್ಯಾ, ಮೂವತ್ತು ವರ್ಷ ಆತು ನಾ ಈ ಮಣ್ಣು ಅಗಿಯಾಕತ್ತು. ದಿನಾ ಕೋಳಿ ಕೂಗೂದರಾಗ ಗುದ್ದಲಿ ಹಿಡೀತೀನಿ. ಮೊಣಕೈ ತನಕ ಅಗೀತೀನಿ, ಜಲ್ಲಡಿ ಹಿಡದು ಹರಳು ತಗೀತೀನಿ, ಮಜ್ಜಿಗಿ ಹೊಯ್ತೀನಿ. ಈ ಲಾಲಪ್ಪನ ಮಣ್ಣು ಅಂದ್ರ ಹಾಸಿಗಿ ಅಂತ ವಸ್ತಾದರು ನಾಕ ಮಂದ್ಯಾಗ ಅಂದಾರ. ಹೈದ್ರಾಬಾದಿನ ಗದ್ದಲದಾಗ ಮಿಲಿಟರಿ ಬಂದು ಹೋದ ಮ್ಯಾಲ ಇದೇ ಮೊದಲ ದೊಡ್ಡ ಕುಸ್ತಿ. ಕಲ್ಯಾಣದಿಂದ ಸೈಫುನ ಜೋಡಿ ಒಬ್ರೂ ಬರಲಿಲ್ಲ, ಹೆದರಿದ್ರು. ಅವ ಒಬ್ನೇ ಬಂದ. ಬಂದು ಬಗ್ಗಿ ನನ್ನ ಮಣ್ಣು ಹಣಿಗಿ ಹಚ್ಕೊಂಡ. ನೋಡೂ ಇಲ್ಲ, ತುಳದೂ ಪರೀಕ್ಷಾ ಮಾಡಲಿಲ್ಲ. ಹುಂಬ! ಯಾವ ಪೈಲ್ವಾನ ಪರ ಊರ ಮಣ್ಣು ತುಳದು ನೋಡದೇ ಇಳೀತಾನ, ಹೇಳು?

ಆ ಮೂಲಿ ಮಣ್ಣು ಬೆರಳಿಲೆ ಯಾಕ ಕೆದರಾಕತ್ತಿ? ಉಗರು ಹೋಗ್ತಾವ.

ಮಾತಾಡು, ಏನರ ಅನ್ನು. ಧೋಬಿ ಪಛಾಡ ಹಾಕಿದಾವ ನೀನು. ಹೆಗಲ ಮ್ಯಾಲಿಂದ ಎತ್ತಿ ಒಗದಾವ ನೀನು. ಬೆಳ್ಳಿ ಕಡಗ ನಿನ್ನ ಕೈಯಾಗದ. ನಾ ಏನ್ ಮಾಡೀನಿ? ಕುಸ್ತಿ ದಿನ ಮುಂಜಾನೆ ಒಂದು ಮಾತು ಹೇಳಿದೆ. ಮಾರುತಿಗಿ ಕೇಳೀನಿ, ಬಲಕ್ಕ ಹೂ ಕೊಟ್ಟಾನ, ಬೇವಿನ ಗಿಡದ ಕಡಿ ಮೂಲಿಗಿ ಅವನ್ನ ಒಗಿ, ನೀ ಮಾತ್ರ ಅಲ್ಲಿ ಬೀಳಬ್ಯಾಡ ಅಂದೆ. ದೇವರ ಮಾತು ಅದು, ನನ್ನದಲ್ಲ. ...ಏನಂದಿ? ಪೂಜಾರಿ ನರಸಿಂಗಗ ಕೇಳಿದಿ? ಆವತ್ತ ಗುಡಿ ಕೀಲಿ ತಗದಿದ್ದೇ ಮಧ್ಯಾನಕ್ಕಂತಾ?

ಗುದ್ದಲಿ ಇಡು ಸೂರ್ಯಾ. ನನ್ನ ಗುದ್ದಲಿ ಯಾರೂ ಮುಟ್ಟಂಗಿಲ್ಲ. ಆ ಮೂಲಿ ಬ್ಯಾಡ. ಬ್ಯಾಡಂದೆ...

ಖಣ್ ಅಂದಿದ್ದು ಕೇಳಿದಿ, ಸಾಕು. ಮತ್ತ ಹೊಡೀಬ್ಯಾಡ. ಕಲ್ಲಲ್ಲ ಅದು. ಬಡದು ಬಡದು ಗಟ್ಟಿ ಮಾಡಿದ ನೆಲ. ಮ್ಯಾಲ ನಾಕ ಬಟ್ಟ ಸಡ್ಲ ಮಣ್ಣು ಹರವಿದ್ದೆ. ಆ ಕುಸ್ತಿ ಆದ ಮ್ಯಾಲ ಅಲ್ಲಿ ಗುದ್ದಲಿ ಹಚ್ಚಾಕ ನನಗ ಆಗಿಲ್ಲ.

ಎರಡು ಸಲ ಬಿದ್ದಿದ್ದಿ ಸೈಫುನ ಕೈಯಾಗ. ಮೂರನೇ ಸಲ ಬಿದ್ರ ವಸ್ತಾದರು ನಿನ್ನ ತಾಲೀಮು ಬಿಡಿಸಿ ಕಳಸ್ತೀನಿ ಅಂದಿದ್ರು, ನನ್ನ ಕಿವೀಲೆ ಕೇಳೀನಿ. ಮಕ್ಕಳಿಲ್ಲದಾವ ನಾ. ಹತ್ತು ವರ್ಷ ನಿನ್ನ ನಸೀಬ ದಿನಾ ಮುಂಜಾನೆ ಈ ಕೈಲೆ ಅಗದು ಹಾಕೀನಿ. ಅದೊಂದು ಕುಸ್ತಿಗಿ, ಒಂದು ಮೂಲಿ ಅಗೀಲಿಲ್ಲ. ಬರೇ ಉಳುಕ್ತದ ಅನ್ಕೊಂಡಿದ್ದೆ... ಎಲುಬು ಮುರದ ಸಪ್ಪಳ ನನಗೂ ಕೇಳಿಸ್ಯಾದ. ಕಾಜಿನ ಸಪ್ಪಳಲ್ಲ ಅದು. ಕಟಗಿ ಮುರದಂಗಿತ್ತು.

ಬೈ ನನಗ. ಎರಡು ಏಟು ಹಾಕು.

ಕಡಗ ಯಾಕ ತಗಿಯಾಕತ್ತಿ? ಊರ ಮಂದಿ ಹಾಕ್ಯಾರ ಅದನ್ನ, ನಾ ಅಲ್ಲ. ಅವನಿಗಿ ಕೊಡ್ತೀಯಾ? ಕೊಟ್ಟು ಏನಂತಿ? ನನ್ನ ಹೆಸರು ಹೇಳ್ತಿ? ...ಸೂರ್ಯಾ, ಕಲ್ಯಾಣದ ಬಸ್ಸು ಹೋಗ್ಯಾದ. ನಡಕೋತ ಹೊಂಟೇನು ಅಷ್ಟು ದೂರ? ತಿರುಗಿ ಒಂದ ಸಲ ಕಾಕಾ ಅನ್ನು.

ಅರಿಶಿಣ ಇಲ್ಲೇ ಬಿಟ್ಟಿ ನೋಡು... ಸೂರ್ಯಾ, ಇದನ್ನ ನಾ ಯಾವ ಕೈಲೆ ಮಣ್ಣಿಗಿ ಹಾಕ್ಲಿ?