ಜಯಕ್ಕನ ಮಿಷಿನ್ನು

ಮದ್ದೂರು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ತುದಿಯಲ್ಲಿ ವೀಣ ತನ್ನೂರಿನ ಬಸ್ಸಿಗೆ ಕಾಯುತ್ತ ಮುದುಡಿ ಕೂತಿದ್ದಳು. ಪಕ್ಕದಲ್ಲಿ, ಗಾರ್ಮೆಂಟ್ಸಿನ ಕೆಲಸ ಮುಗಿಸಿ ಬಂದ ಹೇಮಶ್ರೀ, ಇಂದ್ರಕ್ಕ ಇಬ್ಬರೂ ಕೊಪ್ಪದ ಬಸ್ಸಿಗೆ ಕಾಯುತ್ತಿದ್ದರು.

“ನಾಳೆಯಿಂದ ಜಯಕ್ಕನ ಮಿಷಿನ್ನಿಗೆ ನನ್ನೇ ಕೂರುಸ್ತಾರಂತೆ ಕಣಕ್ಕ,” ಎಂದಳು ಹೇಮಶ್ರೀ.

“ಇನ್ನೇನು, ಸತ್ತೋಳು ಎದ್ಬಂದು ಹೊಲೀತಾಳಾ ಅಮ್ಮಿ?”

“ಅವತ್ತು ಊಟದ ಬೆಲ್ಲು ಒಡುದ್ರೂ ಅವ್ಳು ಏಳ್ನಿಲ್ಲ. ಯಾವತ್ತೂ ಏಳೋಳಲ್ವಲ್ಲ ಅಂತ ನಾವು ಸುಮ್ಕೆ ಊಟುಕ್ಕೋದೊ.”

“ಎದ್ದೋಗ್ಬೇಕಾಯ್ತದೆ ಅಂತ ನೀರೇ ಕುಡೀತಿರ್ನಿಲ್ಲ, ಪಾಪ.”

“ವಾಪಸ್ ಬಂದಾಗ್ಲೂ ಮಿಷಿನ್ನು ಓಡ್ತಿತ್ತು ಕಣಕ್ಕ. ಮೈ ತಣ್ಣಗಾಗಿತ್ತು, ಕಾಲು ಪೆಡ್ಲು ತುಳೀತಾನೇ ಇತ್ತು.”

“ಅದ್ನೆಲ್ಲ ಬುಡು. ನೀನು ಆಗಾಗ ಎದ್ದು ಓಡಾಡು, ನೀರು ಕುಡಿ.”

“ಸೂಪರ್‌ವೈಸರ್ ಬೈತಾನೆ.”

“ಬೈಲಿ. ಬೈಸ್ಕೊಂಡು ಯಾರೂ ಸತ್ತಿಲ್ಲ.”

“ಇವತ್ತು ನನ್ ಮಿಷಿನ್ನಿಂದ ಏಳೋಕೋದ್ರೇ ಕಾಲು ಬರ್ನಿಲ್ಲ ಕಣಕ್ಕ. ಈಗ್ಲೂ ನೋಡಿಲ್ಲಿ.”

ಇಂದ್ರಕ್ಕ ಬಗ್ಗಿ ನೋಡಿದಳು. ವೀಣಳ ಕಣ್ಣೂ ಅತ್ತಲೇ ಹೋಯಿತು. ಹೇಮಶ್ರೀಯ ಬಲಗಾಲು ಬರಿನೆಲವನ್ನು ಒತ್ತುತ್ತಿತ್ತು, ಬಿಡುತ್ತಿತ್ತು, ಮತ್ತೆ ಒತ್ತುತ್ತಿತ್ತು.

“ನಿಲ್ಸಮ್ಮಿ.”

“ನಾನ್ ತುಳೀತಿಲ್ಲ ಕಣಕ್ಕ.”

ಬಸ್ಸು ಬಂತು. ಇಂದ್ರಕ್ಕ ಅವಳ ತೋಳು ಹಿಡಿದು ಎಬ್ಬಿಸಿ ಹತ್ತಿಸಿದಳು. ಒಳಗೆ ಬೇಕಾದಷ್ಟು ಸೀಟು ಖಾಲಿಯಿದ್ದವು. ಇಬ್ಬರಲ್ಲಿ ಒಬ್ಬರೂ ಕೂರಲಿಲ್ಲ. ಕಂಬಿ ಹಿಡಿದುಕೊಂಡು ನಿಂತೇ ಹೋದರು.