ಮೇಷ್ಟ್ರ ಮನೆಯ ಒಂಟಿ ತಂತಿ

ಸುಂದರೇಶ ನನ್ನ ದೊಡ್ಡಮ್ಮನ ಮಗ. ಸುಳ್ಳು ಹೇಳಲು ಬಾರದವನು. ಹೇಳಿದರೆ ಮೂಗಿನ ತುದಿ ಕೆಂಪಾಗುತ್ತದೆ. ಅದಕ್ಕೇ ನಾನು ನಂಬಿದ್ದು.

ಎಂಬತ್ತಮೂರನೇ ಇಸವಿ. ಹೊಸನಗರದಲ್ಲಿ ಅವನದು ರೇಡಿಯೋ ರಿಪೇರಿ ಅಂಗಡಿ. ಆ ರಾತ್ರಿ ಹತ್ತು ದಾಟಿದ ಮೇಲೆ ವೆಂಕಟ್ರಮಣ ಮೇಷ್ಟ್ರ ಮನೆಗೆ ಟೇಪ್‌ರೆಕಾರ್ಡರ್ ನೋಡಲು ಹೊರಟ. ಅದಕ್ಕೆ ಮುಂಚೆ ಹೋಗಿ ಪ್ರಯೋಜನವಿರಲಿಲ್ಲ, ವೋಲ್ಟೇಜ್ ಸಾಲದೆ ಟೇಪು ಎಳೆದೆಳೆದು ಹಾಡುತ್ತಿತ್ತು. ಮೇಷ್ಟ್ರ ಹಿತ್ತಿಲ ಬಾವಿ ದಾಟುವಾಗ... ರಾಟೆ ಒಮ್ಮೆ ಕಿರ್ರ್ ಅಂತು. ಗಾಳಿ ಇರಲಿಲ್ಲ.

ಮೇಷ್ಟ್ರ ಹೆಂಡತಿ ವೇದಾವತಮ್ಮ ತೀರಿಕೊಂಡು ವರ್ಷವಾಗಿತ್ತು. ಅವರು ಹಾಡಿದ ಕ್ಯಾಸೆಟ್ಟು ಇದ್ದದ್ದು ಒಂದೇ. ಟೇಪ್‌ರೆಕಾರ್ಡರ್ ಅವರ ಕೋಣೆಯಲ್ಲಿ. ಅವರು ಇಟ್ಟ ಜಾಗದಿಂದ ಕದಲಿಸಲು ಮೇಷ್ಟ್ರು ಬಿಡರು. ಆಂಪ್ಲಿಫೈಯರು, ಸ್ಪೀಕರು ಜಗಲಿಯಲ್ಲಿ. ನಡುವೆ ನಲವತ್ತಡಿ ಒಂಟಿ ತಂತಿ. ಅಷ್ಟುದ್ದದ ತಂತಿ ಮನೆಯ ಕರೆಂಟಿನ ಸದ್ದನ್ನೆಲ್ಲ ಹೀರಿಕೊಂಡು ಗುಂಯ್... ಅನ್ನುತ್ತಿತ್ತು.

"ಹಾಡಿನ ಮಧ್ಯೆ ಅವಳು ನನ್ನನ್ನ ಕರೀತಾಳೆ ಮಾರಾಯ. ಸರಿಯಾಗಿ ಕೇಳ್ಸಲ್ಲ. ಆ ಗುಂಯ್ ಒಂದು ತೆಗೆದುಕೊಡು," ಎಂದರು ಮೇಷ್ಟ್ರು.

ಸುಂದರೇಶ ಮೈಕಿನವರು ಬಳಸುವ ಜೋಡಿ ತಂತಿ ಎಳೆದ. ಎರಡು ತುದಿಗೂ ಪುಟ್ಟ ಟ್ರಾನ್ಸ್‌ಫಾರ್ಮರ್ ಕೂರಿಸಿ ಟೇಪು ಹಾಕಿದ. ಗುಂಯ್ ಮಾಯ! ಹಾಡು ತೊಳೆದಿಟ್ಟ ಹಾಗೆ ಬಂತು. ತಾಳ ಹಾಕುವ ಬಳೆಯ ಸದ್ದು ಕೂಡ ಕೇಳಿತು. ಇವನು ಹಿಗ್ಗಿದ. ಮೇಷ್ಟ್ರ ಮುಖ ಮಾತ್ರ ಬಾಡಿತು.

"ಕರೀತಿದ್ಲಲ್ಲ... ಅದೆಲ್ಲಿ?" ಪಿಸುಗುಟ್ಟಿದರು.

"ಕ್ಯಾಸೆಟ್ಟಲ್ಲಿ ಅಂಥದ್ದೇನೂ ಇಲ್ಲ ಮೇಷ್ಟ್ರೇ. ಜೋಡಿ ತಂತಿ ಅಂದ್ರೆ ಹಾಗೆ. ಹೊರಗಿಂದ ಬಂದ ಸದ್ದು ಎರಡಕ್ಕೂ ಒಂದೇ ಥರ ತಾಗಿ ಒಂದಕ್ಕೊಂದು ವಜಾ ಆಗಿಹೋಗುತ್ತೆ. ಟೇಪಲ್ಲಿ ಇದ್ದದ್ದಷ್ಟೇ ಉಳಿಯೋದು. ಹೊರಗಿಂದ ಬಂದದ್ದು..."

ಸುಂದರೇಶ ಬಿಚ್ಚಿಟ್ಟ ಒಂಟಿ ತಂತಿಯತ್ತ ತಿರುಗಿ ನೋಡಿದ.



"ಹಳೇ ತಂತೀನೇ ಹಾಕು," ಎಂದರು ಮೇಷ್ಟ್ರು. "ಹಾಡು ಮುಳುಗಿದ್ರೆ ಮುಳುಗ್ಲಿ."

ಹಾಕಿದ. ಹೊರತೆಗೆದ ಕ್ಯಾಸೆಟ್ಟು ಇನ್ನೂ ಅವನ ಕೈಯಲ್ಲೇ ಇತ್ತು, ಟೇಪಿಗೆ ಹಾಕಿರಲಿಲ್ಲ. ಸ್ಪೀಕರಿನಲ್ಲಿ ಗುಂಯ್... ಆಮೇಲೆ ಝಣ್, ಬಳೆ. ಆಮೇಲೆ, ಬಹಳ ಮೆಲ್ಲಗೆ...

"ಕೇಳಿದ್ರಾ... ಸುಂದರೇಶನ ಕಾಪಿಗೆ ಸಕ್ಕರೆ ಹಾಕ್ಬೇಡಿ."

ಮೇಷ್ಟ್ರು ಕಣ್ಣೊರೆಸಿಕೊಂಡು, "ಹ್ಞೂಂ ಮಾರಾಯ್ತಿ," ಎಂದು ನಗುತ್ತ ಅಡುಗೆಮನೆಗೆ ನಡೆದರು. ಕಾಪಿ ತಂದಿಟ್ಟರು. ಸಕ್ಕರೆ ಇರಲಿಲ್ಲ.

ಮೇಷ್ಟ್ರು ಇರುವಷ್ಟು ದಿನ ಆ ಒಂಟಿ ತಂತಿಯನ್ನು ಯಾರೂ ಮುಟ್ಟಲಿಲ್ಲ.

ಆದರೆ ಕೇಳಿ... ಸುಂದರೇಶನಿಗೆ ಸಕ್ಕರೆ ಕಾಯಿಲೆ ಎಂದು ಡಾಕ್ಟರು ಹೇಳಿದ್ದು ಅವತ್ತು ಬೆಳಿಗ್ಗೆ. ಹೆಂಡತಿಗೂ ಅವನಿನ್ನೂ ತಿಳಿಸಿರಲಿಲ್ಲ. ಇದನ್ನು ಅವನು ನನಗೆ ನಾಲ್ಕು ಸಲ ಹೇಳಿದ್ದಾನೆ. ಪ್ರತಿ ಸಲವೂ ನಾನು ಮೂಗನ್ನೇ ನೋಡಿದ್ದೇನೆ.